ಅಂಗೈ ತೋರಿಸುವುದು

ಪಾಳಿ ಮುಗಿದು ಮೇಜು ಬಿಡುವ ಮುಂಚೆ
ಒಂದು ಚಪ್ಪಾಳೆ. ಆಮೇಲೆ ಎರಡೂ ಅಂಗೈ
ಮಗುಚಿ, ತೆರೆದು, ಮತ್ತೆ ಮಗುಚಿ
ಚಾವಣಿಯ ಕ್ಯಾಮೆರಾಕ್ಕೆ ತೋರಿಸಬೇಕು:
ಏನೂ ಬಚ್ಚಿಟ್ಟಿಲ್ಲ.
ಒಂಬತ್ತು ವರ್ಷದಿಂದ ತೋರಿಸುತ್ತಿದ್ದೇನೆ.
ಮಾಂಡವಿಯಲ್ಲಿ ಲಂಗರು ಬಿಟ್ಟ ಈ ಹಡಗು
ಎಲ್ಲಿಗೂ ಹೋಗುವುದಿಲ್ಲ. ಹತ್ತಿದವರು ಮಾತ್ರ
ಬಹಳ ದೂರ ಹೋಗಿ ಇಳಿಯುತ್ತಾರೆ.

ಬೆಳಗಿನ ಐದಕ್ಕೆ ಬೆತಿಮ್ ಫೆರಿ.
ಮೀನಿನ ಬುಟ್ಟಿಗಳ ನಡುವೆ ನಿಲ್ಲುತ್ತೇನೆ,
ಕೂದಲ ತುಂಬ ಬೇರೆಯವರ ಸಿಗರೇಟು.

ಕೋಣೆಯಲ್ಲಿ ಮೈಲಾರಿ ಎಚ್ಚರ.
ಕೌದಿಯೊಳಗೆ ನೇರಳೆ ಬೆಳಕು.

ಮೇಜಿನ ಹತ್ತಿರ ಫೋನು ಒಯ್ಯುವಂತಿಲ್ಲ,
ಅದಕ್ಕೇ ಇವನ ಬಳಿ ಬಿಟ್ಟು ಹೋಗುತ್ತೇನೆ,
ಹೆದರಿದರೆ ಪಕ್ಕದ ಎಸ್ಪೆರಾನ್ಸಾಳನ್ನು ಕರೆಯಲಿ ಎಂದು.
ಬ್ಯಾಂಕಿನ ಸಂದೇಶಗಳು ಸಾಲಾಗಿ ಕೂತಿದ್ದವು:
ಎಂಬತ್ತೊಂಬತ್ತು, ಎಂಬತ್ತೊಂಬತ್ತು, ಎಂಬತ್ತೊಂಬತ್ತು,
ಇಪ್ಪತ್ತಾರು ಸಲ.
ಬೈಯಲು ಬಾಯಿ ತೆರೆದೆ.
'ತಡಿಯವ್ವಾ, ಇದೊಂದು ನೋಡು' ಅಂದ.

ಪೆಟ್ಟಿಗೆ ನಡುಗಿತು. ಬಿರುಕಿನಿಂದ ಬಂಗಾರದ ಹೊಗೆ.
ಗಂಡಭೇರುಂಡದಂಥ ಎರಡು ತಲೆಯ ಹಕ್ಕಿ
ಸುತ್ತಿ ಸುತ್ತಿ ನಿಧಾನವಾಗಿ, ಇನ್ನೂ ನಿಧಾನವಾಗಿ ಬಂದು
ಒಂದೇ ಮನೆ ಈಚೆ ನಿಂತುಬಿಟ್ಟಿತು.
ಸಿಕ್ಕಿದ್ದು ಹಳದಿ ಕಾಲುಚೀಲ.
ಅಂಥವು ಹದಿನಾಲ್ಕು ಜೊತೆ ಆಗಲೇ ಇವೆಯಂತೆ.
'ಕೂದಲೆಳೀಲೆ ತಪ್ಪಿತು' ಎಂದ,
ಗೆದ್ದವನ ಮುಖದಲ್ಲಿ.

ಆ ಮುಖದ ಪರಿಚಯ ನನಗಿದೆ.
ನಿನ್ನೆ ರಾತ್ರಿ ಅದು ರಾಜಕೋಟದ ಟೈಲ್ಸ್ ವ್ಯಾಪಾರಿಯದು.
'ನನ್ನ ನಂಬರು ಮುಟ್ಟಿಯೇ ಹೋಯಿತು' ಎಂದು
ಮಗ್ಗುಲಲ್ಲಿದ್ದವರಿಗೆಲ್ಲ ತೋರಿಸಿದ,
ಮುಟ್ಟಿದ್ದಕ್ಕೂ ದುಡ್ಡು ಬರುತ್ತದೇನೋ ಎಂಬಂತೆ.
ಸೋಲು ಅಷ್ಟು ಹತ್ತಿರ ಹಾದುಹೋದರೆ
ಮೈಗೆ ಗೆಲುವಿನದೇ ಗಾಳಿ ಬಡಿಯುತ್ತದೆ.

ಆದರೆ ನನ್ನ ಗೋಲಿ ಕುರುಡು.
ಮೂವತ್ತೇಳು ಮನೆ, ಬಣ್ಣ ಬಳಿದು, ಅಂಕಿ ಬರೆದು, ಎಲ್ಲರ ಎದುರಿಗೆ.
ಎಣಿಸುವವರು ಎಣಿಸಬಹುದು. (ಯಾರೂ ಎಣಿಸುವುದಿಲ್ಲ.)
ಈ ಪೆಟ್ಟಿಗೆಗೆ ಎಷ್ಟು ಮನೆ?
ಆ ಕೂದಲೆಳೆಯನ್ನು ಯಾರೋ ಕೂತು ಹೊಸೆದಿದ್ದಾರೆ,
ತಮ್ಮ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು,
ಚಹಾ ಆರುವುದರೊಳಗೆ.
ಹಡಗಿನ ಬಾಗಿಲಲ್ಲಿ ವಿಶಾಂತ ನಾಯ್ಕ
ಆಧಾರ್ ನೋಡಿ ಹಿಂದೆ ಕಳಿಸುತ್ತಾನೆ,
ಇಪ್ಪತ್ತೊಂದು ತುಂಬದ ಮೀಸೆಗಳನ್ನು,
ಒಮ್ಮೆ ಮದರಂಗಿ ಆರದ ಮದುಮಗಳನ್ನೂ.
ಹನ್ನೊಂದು ವರ್ಷದ ಈ ಕೌದಿಯ ಬಾಗಿಲಿಗೆ
ಯಾವ ನಾಯ್ಕನನ್ನು ನಿಲ್ಲಿಸಲಿ?

ಅಜ್ಜಿ ಚೌಕಾಬಾರ ಆಡುವಾಗ
ಕವಡೆ ಚೆಲ್ಲುವ ಮೊದಲು ನನ್ನ ಕೈಗೆ ಕೊಡುತ್ತಿದ್ದಳು:
'ನೋಡ್ಕೊ, ಒಡದದ್ದು ಐತೇನು.'

ಇದನ್ನೆಲ್ಲ ಹೇಳಬೇಕು ಇವನಿಗೆ. ಯಾವ ಬಾಯಿಂದ?
ಈ ತಿಂಗಳ ಇವನ ಫೀಸು
ಆ ಟೈಲ್ಸಿನವನು ಬಿಟ್ಟುಹೋದ ಟಿಪ್ಸು.
ಕ್ಯಾಮೆರಾಕ್ಕೆ ತೋರಿಸಿದ ಅಂಗೈಯನ್ನು
ಮಗನಿಗೆ ತೋರಿಸಿರಲಿಲ್ಲ.

'ನಿಮ್ಮ ಹಡಗಿನಾಗ ಯಾರೂ ಗೆಲ್ಲೂದೇ ಇಲ್ಲೇನು?'
'ಗೆಲ್ತಾರ.'
'ಮತ್ತ?'
'ಮರುದಿನ ಬರ್ತಾರ.'
ಕೋರ್ಟಿನ ಬಗ್ಗೆ ಮಾತಿದೆಯಲ್ಲ,
ಗೆದ್ದವ ಸೋತ, ಸೋತವ ಸತ್ತ.
ಇಲ್ಲಿ ಸಾಯಲೂ ಬಿಡುವುದಿಲ್ಲ,
ಸೋತವನಿಗೆ ಒಂದು ಪೆಟ್ಟಿಗೆ ಪುಕ್ಕಟೆ.

ಫೋನನ್ನು ಬೋರಲು ಹಾಕಿದೆ.
ಒಂದು ಚಪ್ಪಾಳೆ ತಟ್ಟಿ ಅಂಗೈ ಮಗುಚಿ ತೋರಿಸಿದೆ.
ನಕ್ಕ. ಆಮೇಲೆ ತಾನೂ ತಟ್ಟಿ ತೋರಿಸಿದ.
ಸಣ್ಣ ಕೈ, ಹೆಬ್ಬೆರಳ ತುದಿ ಕೆಂಪಗೆ.
ನಮ್ಮಿಬ್ಬರ ನಡುವೆ ನೆಲದ ಮೇಲೆ
ಅದರ ಅಂಚಿನಿಂದ ನೇರಳೆ ಸೋರುತ್ತಿತ್ತು.
ಮುಂದಿನ ಉಚಿತ ಪೆಟ್ಟಿಗೆಗೆ ಹನ್ನೊಂದು ನಿಮಿಷ,
ಬೋರಲು ಹಾಕುವ ಮುಂಚೆ ನಾನೂ ಓದಿದ್ದೆ.

ಚಹಾಕ್ಕೆ ನೀರಿಟ್ಟೆ.
ಇಬ್ಬರೂ ಎಣಿಸುತ್ತಿದ್ದೆವು.